ನಿಮಗಿದು ಗೊತ್ತೇ? ಕೀಬೋರ್ಡ್ ಹಿಡಿದ ಸಿಪಾಯಿಗಳು!

ದೇವನಹಳ್ಳಿ ಎಂದರೆ ನಿಮಗೆ ಚಕ್ಕೋತ, ವಿಮಾನ ನೆನಪಾಗುತ್ತವೆ, ಅಲ್ಲವೇ? ಅಲ್ಲೇ ಹುಟ್ಟಿದ ಟಿಪ್ಪು ಸುಲ್ತಾನನ ಸೈನ್ಯದಲ್ಲಿ ರಾಕೆಟ್ ಹಾರಿಸಲೆಂದೇ ಬೇರೆ ದಳಗಳಿದ್ದವು. ಕೊಳವೆ ಎಷ್ಟು ದಪ್ಪ, ಗುರಿ ಎಷ್ಟು ದೂರ ಎಂದು ಲೆಕ್ಕ ಹಾಕಿ, ಎಷ್ಟು ಓರೆಯಾಗಿ ಹಾರಿಸಬೇಕೆಂದು ಅವರಿಗೆ ಕಲಿಸುತ್ತಿದ್ದರು. ಇನ್ನೂರು ವರ್ಷಗಳ ಹಿಂದೆಯೇ ಲೆಕ್ಕ ಬಲ್ಲ ಸಿಪಾಯಿಗಳು!

ಈಗಿನ ಸಿಪಾಯಿಗೆ ಕಂಪ್ಯೂಟರ್ ಜಾಲವೇ ರಣರಂಗ. ಅದಕ್ಕೆಂದೇ 2019ರಲ್ಲಿ ನಮ್ಮ ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಸೇರಿ ಡಿಫೆನ್ಸ್ ಸೈಬರ್ ಏಜೆನ್ಸಿ ಶುರುವಾಯಿತು. ಅದರ ಮೊದಲ ಮುಖ್ಯಸ್ಥರು ಯಾರು ಗೊತ್ತೇ? ರಿಯರ್ ಅಡ್ಮಿರಲ್ ಮೋಹಿತ್ ಗುಪ್ತಾ. ಹೌದು, ಕಡಲಿನವರು!

ಸೇನೆಯ ಸೈಬರ್ ಪಾಠಶಾಲೆ ಇರುವುದು ಮಧ್ಯಪ್ರದೇಶದ ಮಹೂನಲ್ಲಿ. ಬಾಬಾಸಾಹೇಬ್ ಅಂಬೇಡ್ಕರ್ ಹುಟ್ಟಿದ ಅದೇ ಊರು!

ನೆಲಮಂಗಲದಿಂದ ಬೆಂಗಳೂರಿಗೆ ಬರುವಾಗ ಜಾಲಹಳ್ಳಿ ಕ್ರಾಸ್ ದಾಟುತ್ತೀರಲ್ಲ? ಆ ಜಾಲಹಳ್ಳಿಯಲ್ಲಿ ವಾಯುಪಡೆಯ ಎಂಜಿನಿಯರ್‌ಗಳನ್ನು ತಯಾರು ಮಾಡುವ ತಾಂತ್ರಿಕ ಕಾಲೇಜು 1949ರಿಂದಲೂ ಇದೆ.

ಅಗ್ನಿವೀರರಾಗಲು ಮೊದಲು ಓಡಬೇಕೆಂದು ದೊಡ್ಡಬಳ್ಳಾಪುರ, ಹೊಸಕೋಟೆಯ ಎಷ್ಟೋ ಹುಡುಗರು ಇನ್ನೂ ಅಂದುಕೊಂಡಿದ್ದಾರೆ. 2023ರಿಂದ ಸೇನೆ ಅದನ್ನು ತಿರುವುಮುರುವು ಮಾಡಿದೆ! ಮೊದಲು ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆ. ಅದರಲ್ಲಿ ಗೆದ್ದವರಿಗೆ ಮಾತ್ರ ರ‍್ಯಾಲಿ ಮೈದಾನದ 1.6 ಕಿಲೋಮೀಟರ್ ಓಟ. ಮೌಸ್ ಮೊದಲು, ಶೂ ಆಮೇಲೆ!

ಒಳ್ಳೆಯ ಸೈಬರ್ ಕೈಗಳನ್ನು ಹಿಡಿದಿಟ್ಟುಕೊಳ್ಳುವುದು ಎಲ್ಲ ದೇಶಗಳಿಗೂ ಕಷ್ಟ. ಹೊರಗೆ ಸಂಬಳ ಹೆಚ್ಚು! ಅದಕ್ಕೆ ಒಬ್ಬೊಬ್ಬರದು ಒಂದೊಂದು ಉಪಾಯ. ಸಿಂಗಾಪುರದಲ್ಲಿ 2018ರಿಂದ ಕಡ್ಡಾಯ ಸೈನಿಕ ಸೇವೆಗೆ ಬಂದ ಆಯ್ದ ಹುಡುಗರು ಜಾಲ ಕಾಯುತ್ತಲೇ ಕಾಲೇಜು ಓದನ್ನೂ ಮುಂದುವರಿಸುತ್ತಾರೆ. ಬ್ರಿಟನ್ 2025ರಲ್ಲಿ ಸೈಬರ್ ಕೆಲಸಕ್ಕೆ ಸೇನೆ ಸೇರುವವರಿಗೆ ಹತ್ತು ವಾರದ ಆರಂಭಿಕ ತರಬೇತಿಯನ್ನು ಸುಮಾರು ಒಂದು ತಿಂಗಳಿಗೆ ಇಳಿಸಿತು!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಮೆರಿಕದ ಮೆರೀನ್ ಪಡೆಯ ಉಪಾಯ. 2019ರಲ್ಲಿ ಅದು ಹೊರಗಿನ ಸೈಬರ್ ತಜ್ಞರನ್ನು ಸ್ವಯಂಸೇವಕರಾಗಿ ಬಂದು ಪಾಠ ಹೇಳಿಕೊಡಿ ಎಂದು ಕರೆಯಿತು. ಸಮವಸ್ತ್ರ ಬೇಡ, ಕಸರತ್ತು ಬೇಡ, ಕೂದಲು ಎಷ್ಟುದ್ದ ಇದ್ದರೂ ಸೈ!

ನಮ್ಮ ಸೇನೆಯೂ 2021ರಲ್ಲಿ ‘ಸೈನ್ಯ ರಣಕ್ಷೇತ್ರಂ’ ಎಂಬ ಹ್ಯಾಕಥಾನ್ ನಡೆಸಿ ಸಾಮಾನ್ಯರನ್ನೇ ಕಣಕ್ಕೆ ಕರೆಯಿತು. ಕೈಜೋಡಿಸಿದ್ದು ಗುಜರಾತಿನ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯ. ಅಲ್ಲಿ ಓದಲು ಗುಜರಾತಿಗೇ ಹೋಗಬೇಕೇ? ಬೇಡ, ಅದರದೊಂದು ಕ್ಯಾಂಪಸ್ ನಮ್ಮ ಶಿವಮೊಗ್ಗದಲ್ಲೇ ಇದೆ!