ಬಾರುಕೋಲಿನಂತಹ ಒಂದು ತೋಳು

ಸುಗ್ಗಿ ಮುಗಿದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತಮುತ್ತ ಸಂಚರಿಸುವವರಿಗೆ ಒಂದು ನೋಟ ತಪ್ಪದೆ ಕಾಣಸಿಗುವುದು. ಕೊಯ್ಲಾದ ಬತ್ತದ ಗದ್ದೆಯ ಕೂಳೆಗಳನ್ನು ತುಳಿದು ಸಮಮಾಡಿ, ಮೂರು ಕಬ್ಬಿನ ಜಲ್ಲೆಗಳನ್ನು ನೆಟ್ಟು, ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಮಳವಳ್ಳಿಯ ಬಳಿ ಇಂತಹ ಒಂದು ಆಟವನ್ನು ನೋಡುತ್ತ ನಿಂತಿದ್ದಾಗ, ಹೊಂಗೆಯ ಮರದಡಿ ಕುಳಿತು ರನ್ನುಗಳ ಲೆಕ್ಕ ಬರೆಯುತ್ತಿದ್ದ ಬಾಲಕನೊಬ್ಬನ ಪರಿಚಯ ನಮಗಾಯಿತು. ಚಿಕ್ಕಂದಿನಲ್ಲಿ ಮುರಿದ ಅವನ ಬಲಗೈ ಸರಿಯಾಗಿ ಕೂಡದೆ ಸೊರಗಿತ್ತು. ಆದ್ದರಿಂದ ಅವನಿಗೆ ಯಾವಾಗಲೂ ಲೆಕ್ಕದ ಪುಸ್ತಕವೇ ಗತಿ. ನಾವು ಭೌತವಿಜ್ಞಾನದ ಅಧ್ಯಾಪಕರೆಂದು ತಿಳಿದೊಡನೆ ಅವನು ಕೇಳಿದನು: "ಸಾರ್, ಚಂದ್ರಶೇಖರ್ ಅವರ ಕೈಯೂ ಹಿಂಗೇ ಇತ್ತಂತೆ. ಕೈ ಸಣ್ಣಗಿದ್ದದ್ದಕ್ಕೇ ಚೆಂಡು ಹಂಗೆ ಬರ್ತಿತ್ತು ಅಂತಾರೆ. ನಿಜವಾ ಸಾರ್?"

ಒಡನೆ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ಈ ಲೇಖನ ಆ ಪ್ರಶ್ನೆಯ ಫಲ.

ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರರು ಮೈಸೂರಿನಲ್ಲಿ 1945ರ ಮೇ 17ರಂದು ಜನಿಸಿದರು. ಐದಾರು ವರ್ಷದ ಬಾಲಕರಾಗಿದ್ದಾಗ ಪೋಲಿಯೋ ರೋಗವು ಅವರ ಬಲಗೈಯನ್ನು ಹಿಡಿಯಿತು. ಸಾಲ್ಕರ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ. ಈ ಬಾಲಕನ ಪಾಲಿಗೆ ಅದು ತಡವಾಯಿತು. ಈ ರೋಗದ ವಿಷಾಣುವು ಸ್ನಾಯುವನ್ನು ನೇರವಾಗಿ ಕೆಡಿಸುವುದಿಲ್ಲ. ಬೆನ್ನುಹುರಿಯಲ್ಲಿದ್ದುಕೊಂಡು ಸ್ನಾಯುಗಳಿಗೆ ಅಪ್ಪಣೆ ಕಳುಹಿಸುವ ನರಕೋಶಗಳನ್ನು ಅದು ನಾಶಮಾಡುತ್ತದೆ. ಅಪ್ಪಣೆ ಬಾರದ ಸ್ನಾಯು ಕೆಲಸವಿಲ್ಲದೆ ಬಡಕಲಾಗುತ್ತದೆ. ಬಾಲಕನು ಚೇತರಿಸಿಕೊಂಡರೂ ಆ ಕೈ ಸಣ್ಣದಾಗಿಯೇ ಉಳಿಯಿತು. ಮುಂದೆ ಕುಟುಂಬವು ಬೆಂಗಳೂರಿಗೆ ಬಂದು ನೆಲೆಸಿತು. 1963-64ರ ಋತುವಿನಲ್ಲಿ ಅವರು ರಣಜಿ ಪಂದ್ಯಗಳಿಗೆ ಕಾಲಿಟ್ಟರು; ಅದೇ ಋತುವಿನ ಜನವರಿಯಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ಭಾರತದ ಪರವಾಗಿ ಆಡಿ ಮೊದಲ ಇನ್ನಿಂಗ್ಸಿನಲ್ಲಿ 67 ರನ್ನುಗಳಿಗೆ 4 ವಿಕೆಟ್ ಪಡೆದರು.

ಅಮೆರಿಕದವರ ಬೇಸ್‌ಬಾಲ್ ಆಟದಲ್ಲಿ ರಿಲೀಫ್ ಪಿಚರ್ ಎಂಬ ಒಂದು ವೃತ್ತಿಯೇ ಉಂಟು. ಆಟವನ್ನು ಆರಂಭಿಸಿದ ಎಸೆತಗಾರನು ದಣಿದಾಗ, ಇಲ್ಲವೆ ಎದುರಾಳಿಗಳು ಅವನ ಚೆಂಡಿಗೆ ಒಗ್ಗಿಕೊಂಡಾಗ, ಇವನನ್ನು ಕರೆಯುವರು. ನ್ಯೂಯಾರ್ಕ್ ಯಾಂಕೀಸ್ ತಂಡದ ಮರಿಯಾನೊ ರಿವೇರಾ 1995ರಿಂದ 2013ರವರೆಗೆ ಬಹುಮಟ್ಟಿಗೆ ಒಂದೇ ಬಗೆಯ ಎಸೆತವನ್ನು ನಂಬಿ, ಹೀಗೆ ಕೊನೆಗಳಿಗೆಯಲ್ಲಿ ಬಂದು 652 ಪಂದ್ಯಗಳನ್ನು ತನ್ನ ತಂಡಕ್ಕೆ ಉಳಿಸಿಕೊಟ್ಟನು. ಕ್ರಿಕೆಟ್ಟಿನಲ್ಲಿ ಇಂತಹ ಹುದ್ದೆಯಿಲ್ಲ. ಆದರೂ ಹೊಸ ಚೆಂಡಿನ ಹೊಳಪು ಕಳೆದು, ಜೊತೆಯಾಟ ಬೇರುಬಿಟ್ಟು, ನಾಯಕನು ದಿಕ್ಕು ತೋರದೆ ನಿಂತಾಗ ಚೆಂಡು ಯಾರ ಕೈಗೆ ಹೋಗುತ್ತಿತ್ತೆಂಬುದನ್ನು ಹಿರಿಯ ವಾಚಕರು ಬಲ್ಲರು.

ಈಗ ತೋಳಿನ ವಿಷಯಕ್ಕೆ ಬರೋಣ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಎತ್ತಿನ ಗಾಡಿಗಳನ್ನು ನೋಡಿದವರಿಗೆ ಬಾರುಕೋಲಿನ ಪರಿಚಯ ಇದ್ದೇ ಇರುವುದು. ಗಾಡಿಯವನು ಕೋಲನ್ನು ಬೀಸುವುದು ನಿಧಾನವಾಗಿಯೇ. ಆದರೆ ಬಾರಿನ ತುದಿ 'ಛಟೀರ್' ಎನ್ನುತ್ತದೆ. ಆ ಸದ್ದು ತುದಿಯು ಶಬ್ದದ ವೇಗವನ್ನೇ ಮೀರಿದುದರ ಗುರುತು. ಕೈಯು ಕೋಲಿಗೆ ಕೊಟ್ಟ ಶಕ್ತಿ ದಪ್ಪ ಬುಡದಿಂದ ತೆಳು ತುದಿಗೆ ಸಾಗುತ್ತದೆ. ಚಲಿಸುವ ದ್ರವ್ಯರಾಶಿ ಕಡಿಮೆಯಾದಂತೆ ಅದೇ ಶಕ್ತಿಗೆ ಹೆಚ್ಚಿನ ವೇಗ ಬೇಕಾಗುತ್ತದೆ. ತುದಿಯಲ್ಲಿ ಯಾವ ಸ್ನಾಯುವೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಬೌಲರನ ದೇಹವೂ ಇಂತಹದೇ ಒಂದು ಬಾರುಕೋಲು. ಓಡಿಬಂದ ವೇಗವನ್ನು ಮುಂಗಾಲು ನೆಲಕ್ಕೂರಿ ತಡೆಯುತ್ತದೆ, ಸೊಂಟ ತಿರುಗುತ್ತದೆ, ಭುಜ ಅದನ್ನು ಹಿಂಬಾಲಿಸುತ್ತದೆ, ತೋಳು ಸುತ್ತುತ್ತದೆ, ಕಟ್ಟಕಡೆಗೆ ಮಣಿಕಟ್ಟು ಚಿಮ್ಮುತ್ತದೆ. ಹೆಚ್ಚಿನ ಶಕ್ತಿ ಹುಟ್ಟುವುದು ಕಾಲು, ಮುಂಡಗಳ ದೊಡ್ಡ ಸ್ನಾಯುಗಳಲ್ಲಿ. ಇದಕ್ಕೆ ಚಂದ್ರಶೇಖರರ ಆಟದಲ್ಲಿಯೇ ಒಂದು ಸಾಕ್ಷ್ಯವಿದೆ. ಬಲಗೈಯಿಂದ ಬೌಲ್ ಮಾಡುತ್ತಿದ್ದ ಅವರು, ಮೈದಾನದಲ್ಲಿ ಚೆಂಡನ್ನು ಹಿಡಿದು ಹಿಂದಿರುಗಿಸುವಾಗ ಎಡಗೈಯಿಂದ ಎಸೆಯುತ್ತಿದ್ದರು. ದೂರದಿಂದ ಎಸೆಯಲು ಮೊಣಕೈಯನ್ನು ಮಡಿಸಿ ಬಲದಿಂದ ಚಾಚಬೇಕು. ಅಲ್ಲಿ ತೋಳಿನ ಸ್ವಂತ ಸ್ನಾಯು ಬೇಕೇ ಬೇಕು. ನೀಳವಾಗಿ ಸುತ್ತುವ ಬೌಲಿಂಗಿಗೆ ಅದರ ಅಗತ್ಯ ಕಡಿಮೆಯೆಂದು ನಮಗೆ ತೋರುತ್ತದೆ.

ಇನ್ನು ಚೆಂಡು. ಚಂದ್ರಶೇಖರರು ಲೆಗ್ ಸ್ಪಿನ್ ಪಂಗಡದವರಾದರೂ, ಗೂಗ್ಲಿ ಮತ್ತು ಟಾಪ್ ಸ್ಪಿನ್ ಎಸೆತಗಳೇ ಅವರ ಮುಖ್ಯ ಆಯುಧಗಳು. ಮೇಲಾಗಿ ಸಾಮಾನ್ಯ ಸ್ಪಿನ್ ಬೌಲರುಗಳಿಗಿಂತ ಅವರ ವೇಗ ಹೆಚ್ಚು. ಟಾಪ್ ಸ್ಪಿನ್ ಎಂದರೆ ಉರುಳುವ ಚಕ್ರದಂತೆ ಚೆಂಡು ಮುಂದಕ್ಕೆ ತಿರುಗುತ್ತ ಬರುವುದು. ಇಂತಹ ಚೆಂಡಿನ ಮೇಲ್ಮೈ ಎದುರುಗಾಳಿಗೆ ವಿರುದ್ಧವಾಗಿಯೂ ಕೆಳಮೈ ಗಾಳಿಯೊಡನೆಯೂ ಚಲಿಸುವುದರಿಂದ, ಚೆಂಡಿನ ಹಿಂದೆ ಹೊರಡುವ ಗಾಳಿ ಮೇಲಕ್ಕೆ ತಿರುಗುತ್ತದೆ. ಪ್ರತಿಕ್ರಿಯೆಯಾಗಿ ಚೆಂಡು ಕೆಳಕ್ಕೆ ತಳ್ಳಲ್ಪಡುತ್ತದೆ. ಜರ್ಮನಿಯ ಮಾಗ್ನಸನು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದನು. ಟೆನಿಸ್ ಚೆಂಡು ಬಾಗುವುದನ್ನು ನ್ಯೂಟನ್ನನು ಅದಕ್ಕೂ ಬಹಳ ಮೊದಲೇ ಗಮನಿಸಿದ್ದನು. ದಾಂಡಿಗನ ಎಣಿಕೆಗಿಂತ ಮುಂಚೆಯೇ ಚೆಂಡು ನೆಲ ಮುಟ್ಟುವುದಕ್ಕೆ ಇದೇ ಕಾರಣ.

ನೆಲ ಮುಟ್ಟಿದ ಮೇಲೆ ಇಂತಹ ಚೆಂಡು ವೇಗ ಹೆಚ್ಚಿಸಿಕೊಳ್ಳುವುದೆಂದು ಆಟಗಾರರು ಹೇಳುವರು. ಲೆಕ್ಕ ಹಾಕಿ ನೋಡೋಣ. ಚೆಂಡಿನ ವೇಗ ಸೆಕೆಂಡಿಗೆ 22 ಮೀಟರು, ಅಂದರೆ ಗಂಟೆಗೆ ಸುಮಾರು 80 ಕಿಲೋಮೀಟರು ಎಂದಿಟ್ಟುಕೊಳ್ಳಿ. ತಿರುಗದ ಚೆಂಡು ನೆಲವನ್ನು ಕಚ್ಚಿ ಎದ್ದರೆ, ಘರ್ಷಣೆಯ ದೆಸೆಯಿಂದ ಅದರ ಮುನ್ನಡೆಯ ವೇಗದಲ್ಲಿ ಏಳರಲ್ಲಿ ಐದು ಪಾಲು ಉಳಿಯುವುದು, ಎಂದರೆ 15.7 ಮೀಟರು. ಅದೇ ಚೆಂಡು ಸೆಕೆಂಡಿಗೆ 30 ಸುತ್ತು ಮುಂದಕ್ಕೆ ತಿರುಗುತ್ತಿದ್ದರೆ, ಅದರ ಸುತ್ತಳತೆ 22.5 ಸೆಂಟಿಮೀಟರಾದ್ದರಿಂದ, ಅಂಚಿನ ವೇಗ 6.75 ಮೀಟರು. ಇದರ ಏಳರಲ್ಲಿ ಎರಡು ಪಾಲು ಮುನ್ನಡೆಗೆ ಸೇರುವುದರಿಂದ ಒಟ್ಟು 17.6 ಮೀಟರಾಗುವುದು. ಹೀಗೆ ಚೆಂಡು ವೇಗವನ್ನು ಗಳಿಸುವುದಿಲ್ಲ. ಇತರ ಚೆಂಡುಗಳಿಗಿಂತ ಕಡಿಮೆ ಕಳೆದುಕೊಳ್ಳುತ್ತದೆ, ಅಷ್ಟೆ. ಆದರೆ ಈ 'ಅಷ್ಟೆ' ಸಾಮಾನ್ಯವಾದುದಲ್ಲ. ದಾಂಡಿಗನಿಗಿಂತ ನಾಲ್ಕು ಮೀಟರು ಮುಂದೆ ಪುಟಿದ ಚೆಂಡು ಅವನನ್ನು ತಲಪುವ ಹೊತ್ತಿಗೆ, ಅವನು ನಿರೀಕ್ಷಿಸಿದ ಚೆಂಡು ಇನ್ನೂ ಒಂದು ಮೊಳದಷ್ಟು ಹಿಂದೆ ಇರುವುದು! ಬ್ಯಾಟು ಕೆಳಗಿಳಿಯುವ ಮೊದಲೇ ಜಲ್ಲೆ ಹಾರಿರುತ್ತದೆ.

1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಆದದ್ದು ಇದೇ. ಮೊದಲ ಇನ್ನಿಂಗ್ಸಿನಲ್ಲಿ 71 ರನ್ನುಗಳಿಂದ ಮುಂದಿದ್ದ ಇಂಗ್ಲೆಂಡು ಎರಡನೆಯದರಲ್ಲಿ 101ಕ್ಕೆ ಕುಸಿಯಿತು. ಚಂದ್ರಶೇಖರರ ಪಾಲು 38 ರನ್ನುಗಳಿಗೆ 6 ವಿಕೆಟ್. ಎಡ್ರಿಚ್ ಎದುರಿಗೆ ಬಂದಾಗ ಸರ್ದೇಸಾಯರು ಆ ವರ್ಷ ಡರ್ಬಿ ಗೆದ್ದ ಕುದುರೆಯ ಹೆಸರನ್ನು ಕೂಗಿ, ವೇಗದ ಎಸೆತ ಹಾಕೆಂದು ಸೂಚಿಸಿದರೆಂದು ಹೇಳುವರು. ಎಡ್ರಿಚ್ ಸೊನ್ನೆಗೆ ಬೌಲ್ಡ್ ಆದದ್ದಂತೂ ದಾಖಲೆಯಲ್ಲಿದೆ. ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಜಯ ಅದು. ಅದಕ್ಕೆ ಹಿಂದಿನ ವರ್ಷಗಳು ಸುಖದವಲ್ಲ. ಗಾಯ, ಸ್ಕೂಟರ್ ಅಪಘಾತಗಳಿಂದ ಅವರು ಭಾರತ ತಂಡದಿಂದಲೇ ದೂರವಾಗಿದ್ದರು. 1972-73ರಲ್ಲಿ ಇಂಗ್ಲೆಂಡಿನ ವಿರುದ್ಧ ಐದು ಪಂದ್ಯಗಳಲ್ಲಿ 35 ವಿಕೆಟ್. 1977-78ರಲ್ಲಿ ಮೆಲ್ಬರ್ನ್‌ನಲ್ಲಿ ಎರಡು ಇನ್ನಿಂಗ್ಸುಗಳಲ್ಲಿಯೂ ತಲಾ 52 ರನ್ನುಗಳಿಗೆ 6 ವಿಕೆಟ್. ಆಸ್ಟ್ರೇಲಿಯದಲ್ಲಿ ಭಾರತ ಮೊದಲ ಬಾರಿಗೆ ಗೆದ್ದದ್ದು ಆಗ. 1979ರಲ್ಲಿ ನಿಲ್ಲುವಾಗ 58 ಟೆಸ್ಟುಗಳಲ್ಲಿ 242 ವಿಕೆಟ್ಟುಗಳಾಗಿದ್ದವು. ಬ್ಯಾಟಿನಿಂದ ಬಂದ ರನ್ನುಗಳು 167 ಮಾತ್ರ. ತಾವು ಪಡೆದ ವಿಕೆಟ್ಟುಗಳಷ್ಟು ರನ್ನನ್ನೂ ಗಳಿಸದ ಈ ಆಟಗಾರರು ಬ್ಯಾಟು ಹಿಡಿದು ಹೊರಟಾಗ ಜನ ನಗುತ್ತಿದ್ದುದು ಪ್ರೀತಿಯಿಂದಲೇ.

ಹಾಗಾದರೆ ರೋಗವು ವರವಾಯಿತೆ? ಬಹುಮಂದಿ ಹಾಗೆ ಬರೆದಿರುವರು, ನಾವು ಒಪ್ಪಲಾರೆವು. ಹಗುರವಾದ ತೋಳಿನ ಜಡತ್ವ ಕಡಿಮೆ, ಅದನ್ನು ಸುತ್ತುವುದು ಸುಲಭ, ನಿಜ. ಆದರೆ ಅದನ್ನು ಹಗುರ ಮಾಡಿದ ರೋಗವೇ ಸುತ್ತುವ ಸ್ನಾಯುವನ್ನೂ ಕುಗ್ಗಿಸಿತು. ಜಮಾ ಖರ್ಚು ನೋಡಿದರೆ ಕೈಯಲ್ಲಿ ಹೆಚ್ಚೇನೂ ಉಳಿಯದು. ಸಣ್ಣ ಕೈಯೊಂದೇ ಸಾಕಾಗಿದ್ದರೆ, ನಮ್ಮ ಹಳ್ಳಿಗಳಲ್ಲಿ ಪೋಲಿಯೋ ಹಿಡಿದ ಅಷ್ಟೊಂದು ಮಕ್ಕಳು ಮರದಡಿಯಲ್ಲಿಯೇ ಕುಳಿತಿರಬೇಕಾಗಿರಲಿಲ್ಲ. ಭಾರತದಲ್ಲಿ ಆ ರೋಗದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡುಬಂದಿತು; 2014ರ ಮಾರ್ಚಿನಲ್ಲಿ ದೇಶವು ಪೋಲಿಯೋ ಮುಕ್ತವೆಂದು ಘೋಷಿತವಾಯಿತು. ಅದನ್ನು ವರವೆನ್ನುವವರು ಈ ಲಸಿಕೆಯ ಹನಿಗಳನ್ನು ಏನೆನ್ನುವರೋ ತಿಳಿಯದು. ಚಂದ್ರಶೇಖರರು ಮಾಡಿದ್ದು ಬೇರೆ: ಕೈಗೆ ಇಲ್ಲದ ಬಲವನ್ನು ಓಟದಿಂದಲೂ ಮುಂಡದಿಂದಲೂ ತಂದು, ಉಳಿದಿದ್ದ ಮಣಿಕಟ್ಟಿಗೆ ತಲಪಿಸುವುದನ್ನು ಸಾವಿರಾರು ಎಸೆತಗಳಲ್ಲಿ ಕಲಿತುಕೊಂಡರು.

ಮಳವಳ್ಳಿಯ ಬಾಲಕನಿಗೆ ನಾವು ಇಷ್ಟನ್ನೇ ಹೇಳಿ, ಕಣದ ಮೇಲೆ ಬೂದಿಯಿಂದ ಒಂದು ಗೆರೆ ಎಳೆದೆವು. ಟೆನಿಸ್ ಚೆಂಡನ್ನು ಒಮ್ಮೆ ತಿರುಗಿಸದೆ, ಒಮ್ಮೆ ಮುಂದಕ್ಕೆ ತಿರುಗಿಸಿ ಅದೇ ಗೆರೆಯ ಮೇಲೆ ಬೀಳಿಸಿ, ಪುಟಿದು ಎಲ್ಲಿ ಬೀಳುವುದೆಂದು ಗುರುತು ಹಾಕಲು ತಿಳಿಸಿದೆವು. ವಾಚಕರೂ ಮಾಡಿ ನೋಡಬಹುದು. ಎರಡು ತಿಂಗಳ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಲೆಕ್ಕದ ಪುಸ್ತಕ ಬೇರೊಬ್ಬನ ಕೈಯಲ್ಲಿತ್ತು. ಮೊದಲ ಓವರಿನಲ್ಲಿ ಹದಿನಾರು ರನ್ನುಗಳು ಹೋದವೆಂದು ನಮ್ಮ ಬಾಲಕನು ತಾನೇ ಬಂದು ತಿಳಿಸಿ, ಎರಡನೆಯ ಓವರು ಹಾಕಲು ಓಡಿದನು.