ಮುಟ್ಟಿದಷ್ಟೂ ಅಪಾಯ: ಮಿದುಳಿಗಿಳಿಸಿದ ಕೊಳವೆಯ ಕಥೆ

ಮಿದುಳಿನ ದ್ರವ ಹೊರಹರಿಸಲು ಇಳಿಸಿದ ಹಳೆಯ ಕೊಳವೆಯನ್ನು ಐದು ದಿನಕ್ಕೊಮ್ಮೆ ತೆಗೆದು ಹೊಸದನ್ನು ಹಾಕಿದರೆ ಸೋಂಕು ತಗ್ಗುತ್ತದೆಯೇ? ಹಾಂಗ್‌ಕಾಂಗ್‌ನ ನರಶಸ್ತ್ರಚಿಕಿತ್ಸಕರು 103 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ, 2002ರಲ್ಲಿ ಉತ್ತರ ಪ್ರಕಟಿಸಿದರು. ಕೊಳವೆ ಬದಲಿಸಿದವರಲ್ಲಿ ಶೇ 7.8, ಬದಲಿಸದವರಲ್ಲಿ ಶೇ 3.8 ಮಂದಿಗೆ ಸೋಂಕು ತಗುಲಿತ್ತು. ಗುಂಪು ಚಿಕ್ಕದಾದ್ದರಿಂದ ಬದಲಾವಣೆಯೇ ಹಾನಿ ಮಾಡಿತೆನ್ನಲು ಬಾರದು, ಲಾಭವಂತೂ ಕಾಣಲಿಲ್ಲ.

ಮಿದುಳಿನೊಳಗಿನ ಕುಹರಗಳಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ತಿಳಿದ್ರವ ಹುಟ್ಟಿ, ಹರಿದು, ರಕ್ತಕ್ಕೆ ಸೇರುತ್ತದೆ. ರಕ್ತಸ್ರಾವ ಅಥವಾ ಗೆಡ್ಡೆ ಅದರ ದಾರಿ ಕಟ್ಟಿದರೆ ತಲೆಬುರುಡೆಯೊಳಗೆ ಒತ್ತಡ ಏರುತ್ತದೆ. ಆಗ ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ತೆಳು ಕ್ಯಾಥೆಟರನ್ನು ಕುಹರಕ್ಕಿಳಿಸಿ, ದ್ರವವನ್ನು ಹೊರಗಿನ ಚೀಲಕ್ಕೆ ಹರಿಸುತ್ತಾರೆ. ಇದೇ ಇವಿಡಿ (ಎಕ್ಸ್‌ಟರ್ನಲ್ ವೆಂಟ್ರಿಕ್ಯುಲರ್ ಡ್ರೈನ್).

ಜೀವ ಉಳಿಸುವ ಈ ಕೊಳವೆಯೇ ರೋಗಾಣುಗಳಿಗೂ ದಾರಿ. ಚರ್ಮದ ಮೇಲೆ ನಿರುಪದ್ರವಿಯಾಗಿರುವ ಸ್ಟಫೈಲೋಕಾಕಸ್ ಎಪಿಡರ್ಮಿಡಿಸ್ ಕೊಳವೆಗೆ ಅಂಟಿಕೊಂಡು, ಕೆರೆಯ ಕಲ್ಲಿನ ಪಾಚಿಯಂಥ ಲೋಳೆಪೊರೆ ಕಟ್ಟುತ್ತದೆ. ಅದರೊಳಗಿನ ಬ್ಯಾಕ್ಟೀರಿಯಾಗಳಿಗೆ ಆಂಟಿಬಯೋಟಿಕ್ ಸುಲಭಕ್ಕೆ ನಾಟುವುದಿಲ್ಲ. ಹಲವು ಔಷಧಗಳು ರಕ್ತದಿಂದ ಮಿದುಳಿನ ದ್ರವಕ್ಕೆ ದಾಟುವುದೂ ಕಷ್ಟ. ಹೀಗಾಗಿ ಸೋಂಕು ಬಂದ ಮೇಲೆ ಹೋರಾಡುವುದಕ್ಕಿಂತ ತಡೆಯುವುದೇ ಮುಖ್ಯ.

ತಡೆ ಶುರುವಾಗುವುದು ಕೊಳವೆ ಹಾಕುವಾಗಲೇ. ಚರ್ಮಕ್ಕೆ ಹಚ್ಚಿದ ನಂಜುನಾಶಕ ಪೂರ್ತಿ ಒಣಗಬೇಕು. ಕೊಳವೆಯನ್ನು ರಂಧ್ರದ ಬಳಿಯೇ ಹೊರತೆಗೆಯದೆ, ನೆತ್ತಿಯ ಚರ್ಮದಡಿ ಕೆಲವು ಸೆಂಟಿಮೀಟರ್ ಸಾಗಿಸಿ ಹೊರತರುತ್ತಾರೆ. ರೋಗಾಣುವಿನ ದಾರಿ ಅಷ್ಟು ಉದ್ದವಾಗುತ್ತದೆ. ಆಮೇಲಿನ ನಿಯಮ ಸರಳ: ಕೊಳವೆಯ ಜೋಡಣೆ ಬಿಚ್ಚುವ ಪ್ರತಿ ಸಲವೂ ಅಪಾಯ. ಅಗತ್ಯವಿಲ್ಲದೆ ದ್ರವದ ಮಾದರಿ ತೆಗೆಯಬಾರದು. ತೆಗೆಯಲೇಬೇಕಾದರೆ ಕೈ ತೊಳೆದು, ಗ್ಲೌಸ್ ಹಾಕಿ, ಜೋಡಣೆಯನ್ನು ನಂಜುನಾಶಕದಿಂದ ಒರೆಸಬೇಕು. ‘ಕೊಳವೆ ಇನ್ನೂ ಬೇಕೇ?’ ಎಂದು ದಿನವೂ ವಿಚಾರಿಸಿ, ಬೇಡವಾದೊಡನೆ ತೆಗೆಯಬೇಕು.

ಶಿಸ್ತಿನ ಫಲಕ್ಕೆ ಲೆಕ್ಕವೂ ಇದೆ. ಇದೇ ದ್ರವವನ್ನು ಹರಿಸಲು ದೇಹದೊಳಗೇ ಉಳಿಯುವ ಷಂಟ್ ಕೊಳವೆಗಳಿಗಾಗಿ ಉತ್ತರ ಅಮೆರಿಕದ ಕೆಲವು ಮಕ್ಕಳ ಆಸ್ಪತ್ರೆಗಳು 11 ಹಂತಗಳ ಪಟ್ಟಿ ಪಾಲಿಸಿದವು. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿಗೆ ಓಡಾಟ ತಡೆಯುವ ಫಲಕ ಹಾಕುವುದೂ ಅದರಲ್ಲಿತ್ತು. ಸೋಂಕು ಶೇ 8.8ರಿಂದ 5.7ಕ್ಕೆ ಇಳಿಯಿತೆಂದು 2011ರಲ್ಲಿ ವರದಿಯಾಯಿತು.

ಕೊಳವೆಯ ವಸ್ತುವೂ ನೆರವಾಗುತ್ತದೆ. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ 1,605 ಷಂಟ್ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಬೇಸಿಕ್ಸ್ ಅಧ್ಯಯನದಲ್ಲಿ, ಸಾಮಾನ್ಯ ಕೊಳವೆ ಹಾಕಿದವರಲ್ಲಿ ಶೇ 6 ಮಂದಿಗೆ ಸೋಂಕಾದರೆ, ಆಂಟಿಬಯೋಟಿಕ್ ಉಣಿಸಿದ ಕೊಳವೆಯಲ್ಲಿ ಶೇ 2 ಮಾತ್ರ. ಬೆಳ್ಳಿ ಉಣಿಸಿದ ಕೊಳವೆಯಲ್ಲಿ ಅದು ಶೇ 6ರಲ್ಲೇ ಉಳಿಯಿತು.

ಇವಿಡಿ ಹಾಕಿದ ರೋಗಿಯ ಮನೆಯವರಿಗೂ ಇಲ್ಲಿ ಪಾತ್ರವಿದೆ. ಜ್ವರ, ಹೆಚ್ಚುವ ಮಂಪರು, ಒದ್ದೆಯಾದ ಬ್ಯಾಂಡೇಜ್, ಚೀಲದಲ್ಲಿ ಕಲಕಿದಂಥ ದ್ರವ ಕಂಡರೆ ತಕ್ಷಣ ದಾದಿಯರಿಗೆ ತಿಳಿಸಬೇಕು. ಕೊಳವೆಯನ್ನಾಗಲೀ ಮಂಚದ ಎತ್ತರವನ್ನಾಗಲೀ ತಾವಾಗಿ ಬದಲಿಸಬಾರದು.