ಹುರಿಗಡಲೆಯ ಇನ್ನೊಂದು ಹಿಡಿ

ಒಂದೇ ಪಾತ್ರೆಯ ಸಾರನ್ನು ಒಂದೇ ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಸಮನಾಗಿ ಬಡಿಸುವುದು ಹೇಳಿದಷ್ಟು ಸುಲಭವಲ್ಲ. ಮಾಂಸದ ಸಾರಾದರಂತೂ ಅದು ಇನ್ನೂ ಕಠಿಣ. ಪಾತ್ರೆಯೊಳಗೆ ಎಲುಬುಂಟು, ಮೆದು ತುಂಡುಂಟು, ಕೊಬ್ಬುಂಟು, ಈಲಿಯುಂಟು. ಸೌಟು ಯಾವುದನ್ನು ಎತ್ತಿ ಯಾರ ತಟ್ಟೆಗೆ ಒಯ್ಯುತ್ತದೆ ಎಂಬುದರಲ್ಲಿ ಆ ಮನೆಯ ಮಾನಮರ್ಯಾದೆಗಳ ಪಟ್ಟಿಯೇ ಅಡಗಿರುತ್ತದೆ. ಯಜಮಾನನಿಗೆ ಈಲಿ, ಬಂದ ನೆಂಟನಿಗೆ ತೊಡೆಯ ತುಂಡು, ಮುದ್ದಿನ ಮಗನಿಗೆ ನಲ್ಲಿಮೂಳೆ, ಉಳಿದವರಿಗೆ ಉಳಿದದ್ದು. ಬಾಯಿಬಿಟ್ಟು ಯಾರೂ ಹೇಳದ ಈ ತಾರತಮ್ಯಕ್ಕೆ ನಮ್ಮ ಹಳೆಯ ಮೈಸೂರು ಸೀಮೆಯ ಅಡಿಗೆಮನೆಯಲ್ಲಿ, ತಿಳಿದೋ ತಿಳಿಯದೆಯೋ, ಒಂದು ಪರಿಹಾರವಿದೆ. ಅದರ ಹೆಸರು ಕೈಮದುಂಡೆಯ ಸಾರು.

ಹೆಸರನ್ನೇ ಮೊದಲು ನೋಡೋಣ. ‘ಕೈಮ’ ಮೂಲತಃ ನಮ್ಮ ಮಾತಲ್ಲ. ಕೊಚ್ಚಿದ ಮಾಂಸಕ್ಕೆ ತುರ್ಕಿ ಭಾಷೆಯಲ್ಲಿದ್ದ ಹೆಸರು ಪಾರಸಿಯನ್ನು ಹೊಕ್ಕು, ಹಿಂದುಸ್ತಾನಿಯಲ್ಲಿ ಕೀಮಾ ಎನಿಸಿ, ನಮ್ಮಲ್ಲಿ ಕೈಮವಾಗಿ ನೆಲೆಸಿತು. ಕನ್ನಡದ ಕಿವಿ ಅದರಲ್ಲಿ ‘ಕೈ’ ಎಂಬುದನ್ನು ಕೇಳಿಸಿಕೊಂಡಿದ್ದರೆ ಆಶ್ಚರ್ಯವಿಲ್ಲ. ಕೈಯಿಂದ ಕೊಚ್ಚಿ, ಕೈಯಿಂದ ಕಲಸಿ, ಅಂಗೈಯಲ್ಲಿ ಉರುಳಿಸಿ ಕಟ್ಟಬೇಕಾದ ಪದಾರ್ಥವಲ್ಲವೆ ಅದು! ಕೊಚ್ಚಿದ ಕೂಡಲೆ ಮಾಂಸದಲ್ಲಿ ಮೇಲುಕೀಳೆಂಬುದು ಅಳಿಯುತ್ತದೆ. ತೊಡೆಯದೋ ಭುಜದ್ದೋ ಎಂದು ಹೇಳುವವರಿಲ್ಲ. ಅರ್ಧ ಕಿಲೋ ಮಾಂಸ ಒಂದೇ ಗಾತ್ರದ, ಒಂದೇ ರುಚಿಯ ಉಂಡೆಗಳಾಗಿ ಎಣಿಕೆಗೆ ಸಿಕ್ಕುತ್ತದೆ.

ಆದರೆ ಮಾಂಸವೊಂದರಿಂದಲೇ ಉಂಡೆಯಾಗದು. ಅದಕ್ಕೆ ಹುರಿಗಡಲೆಯ ಪುಡಿ ಬೀಳಬೇಕು. ಹುರಿಗಡಲೆಯನ್ನು ಬಡವರ ಉಪಾಯವೆಂದು, ಕಡಿಮೆ ಮಾಂಸವನ್ನು ಹೆಚ್ಚಾಗಿ ತೋರಿಸುವ ಯುಕ್ತಿಯೆಂದು ಹಗುರವಾಗಿ ಮಾತನಾಡುವವರುಂಟು. ಅದು ಯುಕ್ತಿಯೇನೋ ನಿಜ, ಮೋಸವಲ್ಲ. ಬರಿಯ ಮಾಂಸ ಬೇಯುವಾಗ ಕುಗ್ಗಿ ತನ್ನ ರಸವನ್ನೆಲ್ಲ ಹೊರಕ್ಕೆ ಹಿಂಡಿ ಗಟ್ಟಿಯಾಗುತ್ತದೆ. ಕಡಲೆಯ ಹಿಟ್ಟು ಆ ರಸವನ್ನು ಹೀರಿ ಉಂಡೆಯೊಳಗೇ ಹಿಡಿದಿಡುತ್ತದೆ. ಮಾಂಸದ ಎಳೆಗಳು ಒಂದಕ್ಕೊಂದು ಬಿಗಿದು ರಬ್ಬರಿನಂತಾಗದ ಹಾಗೆ ನಡುವೆ ನಿಲ್ಲುತ್ತದೆ. ಮಾಂಸಕ್ಕೆ ಮೃದುತ್ವವನ್ನು ಕೊಡುವುದು, ಮಾಂಸವಲ್ಲದ ಆ ಒಂದು ಹಿಡಿ.

ಈ ತಿಳಿವಳಿಕೆ ನಮಗೆ ಮಾತ್ರ ಮೀಸಲಾದುದಲ್ಲ. ಎಪಿಸಿಯಸನ ಹೆಸರಿನಲ್ಲಿ ಉಳಿದುಬಂದಿರುವ ರೋಮನರ ಪಾಕಗ್ರಂಥದಲ್ಲಿ, ಬಿಳಿಯ ರೊಟ್ಟಿಯ ತಿರುಳನ್ನು ದ್ರಾಕ್ಷಿಯ ಮದ್ಯದಲ್ಲಿ ನೆನೆಸಿ ಕೊಚ್ಚಿದ ಮಾಂಸದೊಡನೆ ಕಲಸುವ ಕ್ರಮವಿದೆ. ಅಮೆರಿಕದ ಮನೆಗಳ ‘ಮೀಟ್‌ಲೋಫ್’ ಕೂಡ ಇದೇ ಬಳಗದ್ದು. ಕೊಚ್ಚಿದ ಮಾಂಸಕ್ಕೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಪುಡಿ, ಮೊಟ್ಟೆ, ಈರುಳ್ಳಿಗಳನ್ನು ಸೇರಿಸಿ, ಬ್ರೆಡ್ಡಿನ ಅಚ್ಚಿನಲ್ಲಿಟ್ಟು ಬೇಯಿಸಿ, ಹೋಳುಹೋಳಾಗಿ ಕೊಯ್ದು ಹಂಚುತ್ತಾರೆ. ೧೯೨೯ರ ಅನಂತರದ ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ, ಆಮೇಲೆ ಮಹಾಯುದ್ಧದ ನಿಮಿತ್ತ ೧೯೪೩ರಿಂದ ೧೯೪೫ರವರೆಗೆ ಅಲ್ಲಿ ಮಾಂಸಕ್ಕೆ ಪಡಿತರ ಬಂದಾಗ, ಸಂಸಾರಗಳನ್ನು ಸಾಗಿಸಿದ ಅಡಿಗೆಗಳಲ್ಲಿ ಅದೂ ಒಂದು. ಅಲ್ಲಿ ರೊಟ್ಟಿ, ಇಲ್ಲಿ ಕಡಲೆ. ನೆಲ ಬೇರೆ, ನ್ಯಾಯ ಒಂದೇ.

ಮಾಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಅರ್ಧ ಕಿಲೋ ಕುರಿಯ ಕೈಮ ತೊಳೆದು, ನೀರು ಉಳಿಯದಂತೆ ಹಿಂಡಬೇಕು. ಒಂದು ಹಿಡಿ, ಎಂದರೆ ಸುಮಾರು ೫೦ ಗ್ರಾಂ, ಹುರಿಗಡಲೆಯನ್ನು ನುಣ್ಣಗೆ ಪುಡಿಮಾಡಬೇಕು. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ನಾಲ್ಕು ಲವಂಗ, ಒಂದು ತುಂಡು ಚಕ್ಕೆ, ಸ್ವಲ್ಪ ಕಾಯಿತುರಿ, ಕೊತ್ತಂಬರಿ ಸೊಪ್ಪು—ಇವಿಷ್ಟನ್ನು ನೀರು ಸೋಕಿಸದೆ ಅರೆದು, ಸಣ್ಣಗೆ ಹೆಚ್ಚಿದ ಈರುಳ್ಳಿ, ಉಪ್ಪಿನೊಡನೆ ಕೈಮಕ್ಕೆ ಸೇರಿಸಬೇಕು. ಉಪ್ಪು ಬಿದ್ದ ಮೇಲೆ ಮಾಂಸ ತಾನಾಗಿ ಅಂಟು ಬಿಡುತ್ತದೆ. ಕಲಸುವುದು ಹದವರಿತು ನಡೆಯಬೇಕು. ಅತಿಯಾಗಿ ನಾದಿದರೆ ಉಂಡೆ ಬಿರುಸಾಗುತ್ತದೆ. ನಿಂಬೆಯ ಗಾತ್ರಕ್ಕೆ ಕಟ್ಟಿದರೆ ೨೪ ಉಂಡೆಗಳಾಗುತ್ತವೆ.

ಇತ್ತ ಈರುಳ್ಳಿಯ ಒಗ್ಗರಣೆಯಲ್ಲಿ ಧನಿಯ, ಖಾರದ ಪುಡಿ, ಅರಿಸಿನ, ಕಾಯಿ ಅರೆದ ಮಸಾಲೆ ಕುದಿಯುತ್ತಿರಬೇಕು. ಕುದಿ ಹತ್ತಿದ ಸಾರಿಗೆ ಮೊದಲು ಒಂದೇ ಒಂದು ಉಂಡೆಯನ್ನು ಬಿಟ್ಟು ನೋಡತಕ್ಕದ್ದು. ಅದು ಒಡೆಯದೆ ನಿಂತರೆ ಉಳಿದವನ್ನು ಒಂದೊಂದಾಗಿ ಇಳಿಸಬಹುದು; ಒಡೆದರೆ ಇನ್ನಷ್ಟು ಕಡಲೆಪುಡಿ ಬೇಕೆಂದರ್ಥ. ಮೊದಲ ಹತ್ತು ನಿಮಿಷ ಸೌಟು ಹಾಕಕೂಡದು. ಪಾತ್ರೆಯ ಕಿವಿ ಹಿಡಿದು ಮೆಲ್ಲನೆ ತಿರುಗಿಸಿದರೆ ಸಾಕು. ಇಪ್ಪತ್ತೈದು ನಿಮಿಷದಲ್ಲಿ ಬೇಯುತ್ತವೆ. ಕೊಚ್ಚುವಾಗ ಹೊರಮೈಯ ಸೂಕ್ಷ್ಮಜೀವಿಗಳು ಒಳಕ್ಕೂ ಸೇರುವುದರಿಂದ ಉಂಡೆಯ ನಡುಭಾಗ ೭೧ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕೆಂದು ಈಗಿನ ಆಹಾರವಿಜ್ಞಾನ ಹೇಳುತ್ತದೆ. ಕುದಿಯುವ ಸಾರಿನಲ್ಲಿ ಇಷ್ಟು ಹೊತ್ತು ಬೆಂದ ಉಂಡೆಗೆ ಆ ಪರೀಕ್ಷೆ ಕಷ್ಟವಲ್ಲ. ಬಿಸಿ ರಾಗಿಮುದ್ದೆ ಜೊತೆಗಿದ್ದರೆ ಬೇರೆ ಮಾತು ಬೇಡ.

ಇಷ್ಟು ಪರಿಚಿತವಾದ ಅಡಿಗೆ ನಮ್ಮ ಬರವಣಿಗೆಯಲ್ಲಿ ಎಲ್ಲಿದೆ? ಕನ್ನಡದಲ್ಲಿ ಪಾಕಶಾಸ್ತ್ರಕ್ಕೆ ದೀರ್ಘವಾದ ಪರಂಪರೆಯುಂಟು. ೧೦೨೫ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡಿಗೆಯ ವಿಷಯವಿದೆ. ೧೬ನೆಯ ಶತಮಾನದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಕಾವ್ಯವನ್ನೇ ವಾರ್ಧಕ ಷಟ್ಪದಿಯಲ್ಲಿ ಬರೆದ. ಆತ ಜೈನ, ಸಸ್ಯಾಹಾರವನ್ನಷ್ಟೇ ವರ್ಣಿಸಿದುದು ಅವನ ಧರ್ಮಕ್ಕೆ ತಕ್ಕುದೇ. ಮಾಂಸದ ಪಾಕಗಳನ್ನು ನೋಡಬೇಕೆನ್ನುವವರು ೧೧೩೦ರ ಸುಮಾರಿಗೆ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ಕ್ಕೆ ಹೋಗಬೇಕು. ಆದರೆ ಅದು ಸಂಸ್ಕೃತ. ಅಲ್ಲಿರುವುದು ಅರಸನ ಭೋಗ. ಒಕ್ಕಲು ಮನೆಯ ಮಾಂಸದೂಟ ಸಂಕೋಚವಿಲ್ಲದೆ ಗದ್ಯಕ್ಕೆ ಬರಲು ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಂಥ, ೧೯೩೬ರ, ಕಾದಂಬರಿಗಳು ಬೇಕಾದವು.

ಆ ಸಂಕೋಚ ಇಂದಿಗೂ ಪೂರ್ತಿಯಾಗಿ ತೊಲಗಿಲ್ಲವೆಂಬುದು ಅಧ್ಯಾಪಕನಾದ ನನ್ನ ಅನುಭವ. ಒಮ್ಮೆ ಯುಗಾದಿಯನ್ನು ಕುರಿತು ಪ್ರಬಂಧ ಬರೆಸಿದೆ. ಬಂದ ಬರಹಗಳೆಲ್ಲ ಬೇವುಬೆಲ್ಲದಿಂದ ಹೊರಟು ಒಬ್ಬಟ್ಟಿನಲ್ಲಿ ನಿಂತಿದ್ದವು. ಬರೆದವರಲ್ಲಿ ಹೆಚ್ಚಿನವರ ಮನೆಯಲ್ಲಿ ಮಾರನೆಯ ದಿನ ಹೊಸತೊಡಕು. ಬೆಳಗಿನ ಜಾವಕ್ಕೇ ಮಾಂಸದಂಗಡಿಯ ಮುಂದೆ ಸಾಲು ನಿಲ್ಲುವವರು ಅವರ ಅಪ್ಪಂದಿರೇ. ಬರೆಯಬಾರದೆಂದು ಯಾರೂ ಹೇಳಿರಲಿಲ್ಲ. ಬರೆಯುವ ಕನ್ನಡದಲ್ಲಿ ಅದಕ್ಕೆ ಜಾಗವಿಲ್ಲವೆಂದು ಅವರೇ ತಿಳಿದಿದ್ದರು. ಕೆಲವು ದಿನಗಳ ಮೇಲೆ ಹರಿಹರನ ಕಣ್ಣಪ್ಪನ ರಗಳೆ ಪಾಠಕ್ಕೆ ಬಂತು. ಬೇಡನು ಮಾಂಸವನ್ನು ತಾನು ರುಚಿ ನೋಡಿ, ಒಳ್ಳೆಯದನ್ನೇ ಆರಿಸಿ ಶಿವನಿಗೆ ಉಣಿಸುವ ಸಂದರ್ಭ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾರ್, ನಮ್ಮವ್ವನೂ ಹಂಗೇ. ಕೈಮದುಂಡೆ ಮಾಡಿದ ದಿನ ಮೊದಲು ಒಂದುಂಡೆ ಬೇಯಿಸಿ, ತಿಂದು ನೋಡಿ, ಆಮೇಲೆ ನಮಗೆ ಇಕ್ಕುತ್ತಾಳೆ” ಎಂದಳು. ತರಗತಿ ನಕ್ಕಿತು, ಅವಳು ನಗಲಿಲ್ಲ. ಕಣ್ಣಪ್ಪನ ಭಕ್ತಿಗೆ ಅದಕ್ಕಿಂತ ಸಮರ್ಪಕವಾದ ವ್ಯಾಖ್ಯಾನವನ್ನು ನಾನು ಕೇಳಿಲ್ಲ.

ಆ ಮಾತು ನನ್ನನ್ನು ನಮ್ಮ ಮನೆಯ ಎಣಿಕೆಯತ್ತ ತಿರುಗಿಸಿತು. ನಾನು ಹುಡುಗನಾಗಿದ್ದಾಗ ನಮ್ಮ ಅವ್ವ ಕಟ್ಟುತ್ತಿದ್ದುದು ೨೫ ಉಂಡೆ. ಒಂದು ನೋಡುವುದಕ್ಕೆ, ೨೪ ಬಡಿಸುವುದಕ್ಕೆ. ಅಜ್ಜಿ, ಅಪ್ಪ, ಚಿಕ್ಕಪ್ಪ, ನಾವು ಮೂವರು ಮಕ್ಕಳು: ಆರು ತಟ್ಟೆ, ತಟ್ಟೆಗೆ ನಾಲ್ಕು. ದೊಡ್ಡವರಿಗೆ ಹೆಚ್ಚಿಲ್ಲ, ಮಕ್ಕಳಿಗೆ ಕಡಿಮೆಯಿಲ್ಲ, ನನ್ನ ತಂಗಿಗೆ ಹೆಣ್ಣೆಂದು ಒಂದೂ ಕೊರತೆಯಿಲ್ಲ. ಅಷ್ಟು ನಿಷ್ಠುರವಾದ ಸಮತೆ ಆ ಮನೆಯ ಬೇರಾವ ವ್ಯವಹಾರದಲ್ಲಿಯೂ ಇರಲಿಲ್ಲ. ಆದರೆ ಮನೆಯಲ್ಲಿದ್ದವರು ಏಳು ಜನ. ಏಳನೆಯವಳು ಉಪ್ಪು ಖಾರ ನೋಡಲು ಬೇಯಿಸಿದ ಆ ಮೊದಲ ಉಂಡೆಯನ್ನು ತಿಂದು, ಕೊನೆಯಲ್ಲಿ ತಳದ ಸಾರಿಗೆ ಮುದ್ದೆ ಅದ್ದಿಕೊಳ್ಳುತ್ತಿದ್ದಳು. ಇದನ್ನು ಯಾರೂ ವಿಧಿಸಿರಲಿಲ್ಲ, ಯಾರೂ ಪ್ರಶ್ನಿಸಿರಲೂ ಇಲ್ಲ. ಹಂಚುವವಳು ಹಂಚಿಕೆಯ ಹೊರಗೆ ಎಂಬುದು ಎಷ್ಟೋ ಮನೆಗಳ ಅಲಿಖಿತ ಶಾಸ್ತ್ರ.

ಈಗ ಭಾನುವಾರದ ಒಲೆ ನನ್ನದು. ಹಬ್ಬಕ್ಕೆ ಎಲ್ಲರೂ ಕೂಡಿದಾಗ ತಟ್ಟೆಗಳು ಮತ್ತೆ ಏಳಾಗುತ್ತವೆ. ಅರ್ಧ ಕಿಲೋ ಕೈಮಕ್ಕೆ ಹುರಿಗಡಲೆಯನ್ನು ಒಂದು ಹಿಡಿಯ ಬದಲು ಎರಡು ಹಿಡಿ ಹಾಕುತ್ತೇನೆ; ಈರುಳ್ಳಿಯನ್ನೂ ಅದಕ್ಕೆ ತಕ್ಕಂತೆ ಏರಿಸುತ್ತೇನೆ. ಕೈಮ ಅಷ್ಟೇ, ಉಂಡೆ ೨೯. ಎಪ್ಪತ್ತು ಸಮೀಪಿಸಿದ ಅವ್ವ ಪಂಕ್ತಿಯಲ್ಲಿ ಕುಳಿತು, ಒಂದನ್ನು ಮುರಿದು, “ಕಡಲೆ ಜಾಸ್ತಿಯಾಯ್ತಲ್ಲೋ” ಎನ್ನುತ್ತಾಳೆ. ರುಚಿಯ ದೃಷ್ಟಿಯಿಂದ ಆಕೆಯ ಮಾತು ಸರಿಯಿರಬಹುದು. ಲೆಕ್ಕದ ಪುಸ್ತಕದಲ್ಲಿ ನಾನು ಬರೆದಿಟ್ಟಿರುವ ಅಳತೆ ಮಾತ್ರ ಎರಡು ಹಿಡಿಯೇ.